ಹಳೇ ಜೋಡಿ ನಳಿಗೆ ಕೋವಿಯ ವಯಸ್ಸು, ಬೆಲೆ ತಿಳಿಯುವುದು ಹೇಗೆ?

ಕೊಡಗು, ಮಲೆನಾಡಿನ ಹಳೇ ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಇದ್ದರೆ ಅದು ಇಂಗ್ಲೆಂಡಿನದು, ಯಾರೋ ದೊರೆ ಕೊಟ್ಟಿದ್ದು ಅನ್ನುವ ಮಾತು ಜೊತೆಗೇ ಇರುತ್ತದೆ. ನಿಜ ಇರಬಹುದು. ಆದರೆ ಮೇಲೆ ಎದ್ದು ಕಾಣುವ ಹೆಸರನ್ನು ನೋಡಿ ಏನೂ ತೀರ್ಮಾನಿಸಬೇಡಿ. ಕೋವಿಯ ನಿಜವಾದ ಜಾತಕ ಇರುವುದು ನಳಿಗೆಯ ಅಡಿಯಲ್ಲಿ.

ಮುಟ್ಟುವ ಮೊದಲು ಖಾಲಿ ಇದೆಯಾ ನೋಡಿ. ತೋಟಾ ಕೋವಿಯಾದರೆ ಮಡಚಿ ನೋಡಿದರೆ ಸಾಕು. ನಳಿಗೆಯ ಬಾಯಿಯಿಂದ ಮಸಿ (ಕೋವಿ ಮದ್ದು) ತುಂಬಿಸುವ ಕೇಪಿನ ಕೋವಿಯಲ್ಲಿ ಹಾಗೆ ಗೊತ್ತಾಗುವುದಿಲ್ಲ, ಎಷ್ಟೋ ವರ್ಷದ ಹಿಂದೆ ತುಂಬಿಸಿಟ್ಟ ಮಸಿ, ಗುಂಡು ಇನ್ನೂ ಒಳಗೇ ಇರಬಹುದು. ನಿಮ್ಮ ಮುಖವನ್ನು ನಳಿಗೆಯ ಬಾಯಿಗೆ ಅಡ್ಡ ತರದೆ ಒಂದು ಮರದ ಕೋಲನ್ನು ತಳದವರೆಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕಿ, ಹೊರಗಿನಿಂದ ಅಳತೆ ಹಿಡಿದು ನೋಡಿ. ಕೇಪು ಕೂರುವ ಜಾಗದವರೆಗೆ ಕೋಲು ಹೋಗಿಲ್ಲ ಅಂದರೆ ಒಳಗೆ ಏನೋ ಇದೆ ಅಂತ. ನೀವೇ ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಕೋವಿ ಅಂಗಡಿಯವರಿಗೆ ಹೇಳಿ.

ಈಗ ತೋಟಾ ಕೋವಿಯ ನಳಿಗೆ ಬಿಚ್ಚಿ ಮಗುಚಿ ಹಾಕಿ. ಟಾರ್ಚನ್ನು ಓರೆಯಾಗಿ ಹಿಡಿಯಿರಿ. ತೋಟಾ ಕೂರುವ ಜಾಗದ ಕೆಳಗೆ ಪುಟ್ಟ ಪುಟ್ಟ ಮುದ್ರೆಗಳು ಕಾಣುತ್ತವೆ. ಕಾಣದಿದ್ದರೆ ಸ್ವಲ್ಪ ಸೀಮೆಸುಣ್ಣ ಸವರಿ, ಮರಳು ಕಾಗದ ಮಾತ್ರ ಬೇಡ. ಇವು ನಳಿಗೆ ಒತ್ತಡ ತಾಳುತ್ತದೆಯೇ ಅಂತ ಪರೀಕ್ಷೆ ಮಾಡಿದ ಮೇಲೆ ಒತ್ತಿದ ಮುದ್ರೆಗಳು.

ಕಿರೀಟದ ಕೆಳಗೆ ಒಂದರ ಮೇಲೊಂದು ಅಡ್ಡ ಹಾಕಿದ ಎರಡು ರಾಜದಂಡ ಇದ್ದರೆ ಅದು ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಕೇಂದ್ರದ್ದು, 1813ರಿಂದ 1904ರ ನಡುವಿನದು. ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’ ಅಂತ ಇಂಗ್ಲಿಷ್ ಅಕ್ಷರ ಇದ್ದರೆ 1904ರ ನಂತರದ್ದು. ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗೆ ಅಲ್ಲ) ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ನಿಮ್ಮ ಅದೃಷ್ಟ, ಯಾಕಂದ್ರೆ ಆ ಮುದ್ರೆ ನಡೆದದ್ದು 1875ರಿಂದ 1887ರವರೆಗೆ ಮಾತ್ರ, ಕಾಲ ಅಷ್ಟು ಚೆನ್ನಾಗಿ ಗೊತ್ತಾಗಿಬಿಡುತ್ತದೆ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಮತ್ತು ನಕ್ಷತ್ರ ಇದ್ದರೆ ಅದು ಬೆಲ್ಜಿಯಂನ ಲಿಯೇಜ್ ಊರಿನ ಕೋವಿ. ಅದರ ತಲೆ ಮೇಲೆ ಕಿರೀಟ ಇದ್ದರೆ 1893 ಅಥವಾ ಆಮೇಲಿನದು.

ತುಂಬಾ ಜನರಿಗೆ ಬೇಜಾರಾಗುವುದು ಇಲ್ಲೇ. ಪಕ್ಕದಲ್ಲಿ ‘ಡಬ್ಲ್ಯೂ. ರಿಚರ್ಡ್ಸ್’ ಅಂತ ಕೆತ್ತಿದ್ದು ನೋಡಿ ಹೆಸರಾಂತ ಇಂಗ್ಲಿಷ್ ಕಂಪನಿ ವೆಸ್ಟ್ಲಿ ರಿಚರ್ಡ್ಸ್ ಅಂದುಕೊಂಡಿರುತ್ತಾರೆ, ನಳಿಗೆ ಅಡಿಯಲ್ಲಿ ಲಿಯೇಜ್ ಮುದ್ರೆ ಇರುತ್ತದೆ. ಇಂಗ್ಲಿಷ್ ಹೆಸರು ಹೊತ್ತ ಅಗ್ಗದ ಬೆಲ್ಜಿಯಂ ಕೋವಿಗಳು ಆಗ ಲೋಕವೆಲ್ಲಾ ಹೋಗಿದ್ದವು. ಹಾಗೆಯೇ ನಳಿಗೆ ಮೇಲಿನ ಪಟ್ಟಿಯಲ್ಲಿ ಕಲ್ಕತ್ತದ ಮ್ಯಾಂಟನ್, ರಾಡ್ಡಾ ಅಂತ ಇದ್ದರೆ ಅದು ಮಾರಿದ ಅಂಗಡಿಯ ಹೆಸರಾಗಿರುವುದೇ ಹೆಚ್ಚು, ಮಾಡಿದವರು ಬರ್ಮಿಂಗ್‌ಹ್ಯಾಮ್‌ನ ಬೇರೆ ಯಾರೋ ಆಗಿರಬಹುದು. ಅಂಥ ಕೋವಿ ಕಳಪೆ ಅಂತೇನೂ ಅಲ್ಲ. ನಿಜವಾಗಿ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಅಥವಾ ವೆಸ್ಟ್ಲಿ ರಿಚರ್ಡ್ಸ್ ಆಗಿದ್ದರೆ ಕೋವಿಯ ಮೇಲಿನ ನಂಬರ್ ಬರೆದು ಆ ಕಂಪನಿಗೇ ಕೇಳಿ, ಹಳೇ ಲೆಕ್ಕದ ಪುಸ್ತಕಗಳನ್ನು ಅವರು ಇಟ್ಟುಕೊಂಡಿದ್ದಾರೆ.

ಹೊರಗೆ ಕಾಣುವ ಕುದುರೆ (ಹಾರಿಸುವಾಗ ಬಡಿಯುವ ಸುತ್ತಿಗೆಯಂಥ ಭಾಗ), ನಳಿಗೆ ಮೇಲೆ ಸುರುಳಿ ಸುರುಳಿ ಗೆರೆ ಇವೆಲ್ಲ ಸುಳಿವು ಅಷ್ಟೇ. ಆ ಗೆರೆ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ತಿರುಚಿ, ಸುತ್ತಿ, ಬಡಿದು ಮಾಡಿದ್ದು. ನೋಡಲು ಬಹಳ ಚೆಂದ. ಆದರೆ ಅದರಲ್ಲಿ ಇಂದಿನ ತೋಟಾ ಹಾರಿಸಬೇಡಿ. ಕರಿ ಮಸಿಯ ಕಾಲದಲ್ಲಿ ಮಾಡಿದ ನಳಿಗೆ ಇಂದಿನ ಒತ್ತಡಕ್ಕೆ ಸೀಳಿದರೆ ಹೋಗುವುದು ನಿಮ್ಮ ಎಡಗೈ. ಹಳೇ 12 ಬೋರ್ ಕೋವಿ ಎಷ್ಟೋ ಸಲ ಎರಡೂವರೆ ಇಂಚಿನ ತೋಟಾಕ್ಕೆ ಮಾಡಿದ್ದು, ಇಂದು ಸಿಗುವ 70 ಮಿ.ಮೀ. ತೋಟಾ ಅದಕ್ಕಿಂತ ಉದ್ದ. ಒಳಗೆ ಕೂರುತ್ತದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಬೆಲೆಗೆ ಬರೋಣ. ಮಾಡಿದವರು ಯಾರು, ಎಷ್ಟು ಮೂಲ ರೂಪದಲ್ಲಿದೆ, ನಳಿಗೆಯ ಒಳಗೆ ತುಕ್ಕಿನ ಗುಳಿ ಇದೆಯಾ, ಮರದ ಹಿಡಿ ಬದಲಾಗಿದೆಯಾ, ಇವು ನಾಲ್ಕೇ ಮುಖ್ಯ. ವಯಸ್ಸು ಜಾಸ್ತಿ ಅಂದರೆ ಬೆಲೆ ಜಾಸ್ತಿ ಅಂತಲ್ಲ. ಹಬ್ಬ ಬಂತು ಅಂತ ಉಜ್ಜಿ ಫಳಫಳ ಹೊಳೆಸಿದ ಕೋವಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕೆತ್ತನೆ ಸವೆದು, ಮುದ್ರೆ ಅಳಿಸಿ, ನೂರು ವರ್ಷದ ಬಣ್ಣ ಹೋಗಿಬಿಟ್ಟಿರುತ್ತದೆ, ಮತ್ತೆ ಬರುವುದಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಪೂಜೆಗೆ ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಲಂಡನ್ ಹರಾಜಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ನೂರು ವರ್ಷ ದಾಟಿದ್ದು 1972ರ ಕಾಯ್ದೆಯಲ್ಲಿ ಪುರಾತನ ವಸ್ತು ಆಗಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಇಲ್ಲಿ ಕೊಳ್ಳುವವನಿಗೂ ಲೈಸೆನ್ಸ್ ಬೇಕು, ಹಾಗಾಗಿ ಗಿರಾಕಿಗಳೇ ಕಡಿಮೆ. ಹಾಳಾಗಿ ರಿಪೇರಿ ಮಾಡಿದರೂ ಹಾರದ ಹಳೇ ಕೋವಿಗೆ 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಹಾರುವುದಿಲ್ಲ ಅಂತ ನೀವೇ ತೀರ್ಮಾನಿಸಿ ಮಾರಬೇಡಿ, ಮೊದಲು ಪೊಲೀಸರ ಹತ್ತಿರ ಬರಹದಲ್ಲಿ ಕೇಳಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಬೇರೆ, ಅದು ಸದ್ಯ 2029ರವರೆಗೆ ಇದೆ. ಉಳಿದವರು ಲೈಸೆನ್ಸ್ ಮೇಲೆ ಅಜ್ಜನ ಕೋವಿ ಪಡೆಯುವಾಗ, 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಹೆಸರಲ್ಲಿ ಒಟ್ಟು ಎರಡೇ ಇರಬಹುದು.