ರಾಜ್ಯಶಾಸ್ತ್ರದ ತರಗತಿಯಲ್ಲಿ ಚಿಹ್ನೆಗಳ ಓದು: ನನ್ನ ಅನುಭವ

ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಚಿಹ್ನಾಶಾಸ್ತ್ರವನ್ನು, ಅಂದರೆ ಸೆಮಿಯಾಟಿಕ್ಸ್ ಅನ್ನು, ಪಾಠ ಮಾಡಲು ಒಪ್ಪಿಕೊಂಡ ಮೊದಲ ವರ್ಷ ನಾನು ಅದನ್ನು ಭಾಷಾಶಾಸ್ತ್ರದವರಿಗೆ ಹೇಳಿಕೊಡುವ ಕ್ರಮದಲ್ಲಿಯೇ ಆರಂಭಿಸಿದೆ. ಸ್ವಿಸ್ ಭಾಷಾಶಾಸ್ತ್ರಜ್ಞ ಸೊಸ್ಯೂರನ ಉಪನ್ಯಾಸಗಳು ಅವನ ಮರಣಾನಂತರ, 1916ರಲ್ಲಿ ಪುಸ್ತಕವಾಗಿ ಬಂದ ಹಿನ್ನೆಲೆ, ಸೂಚಕ (ಚಿಹ್ನೆಯ ರೂಪ) ಮತ್ತು ಸೂಚಿತ (ಅದು ಮನಸ್ಸಿಗೆ ತರುವ ಅರ್ಥ) ಇವುಗಳ ಸಂಬಂಧ, ಆ ಸಂಬಂಧ ಸಹಜವಲ್ಲ, ರೂಢಿಯಿಂದ ಬಂದದ್ದು ಎಂಬ ವಿಚಾರ, ಇವಿಷ್ಟಕ್ಕೇ ನಾಲ್ಕು ವಾರ ಹಿಡಿದವು. ವಿದ್ಯಾರ್ಥಿಗಳು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಆದರೆ ಯಾವುದಾದರೂ ಒಂದು ರಾಷ್ಟ್ರಧ್ವಜವನ್ನು ವಿಶ್ಲೇಷಿಸಿ ಎಂದು ಕೊಟ್ಟ ಪ್ರಬಂಧಗಳನ್ನು ಓದಿದಾಗ ನನಗೆ ಬಹಳ ಬೇಸರವಾಯಿತು. ಕೆಂಪು ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ ಎಂದು ನಿಘಂಟು ನೋಡಿ ಅರ್ಥ ಹೇಳಿದಂತೆ ಬಹುತೇಕ ಎಲ್ಲರೂ ಬರೆದಿದ್ದರು. ನಾಲ್ಕು ವಾರ ನಾನು ಅಲ್ಲಗಳೆಯುತ್ತ ಬಂದದ್ದು ಇದೇ ಬಗೆಯ ಓದನ್ನು.

ಮರುವರ್ಷ ಸಿದ್ಧಾಂತವನ್ನು ಬದಿಗಿಟ್ಟು ಮೊದಲ ದಿನವೇ ದಕ್ಷಿಣ ಆಫ್ರಿಕಾದ ಬಾವುಟವನ್ನು ಪರದೆಯ ಮೇಲೆ ತೋರಿಸಿದೆ. 1994ರ ಏಪ್ರಿಲ್ 27ರಿಂದ ಬಳಕೆಗೆ ಬಂದ ಈ ಬಾವುಟದಲ್ಲಿ ಆರು ಬಣ್ಣಗಳಿದ್ದರೂ ಅಲ್ಲಿನ ಸರ್ಕಾರ ಅವುಗಳಲ್ಲಿ ಒಂದಕ್ಕೂ ಅಧಿಕೃತ ಅರ್ಥವನ್ನು ನಿಗದಿಪಡಿಸಿಲ್ಲ ಎಂದು ಹೇಳಿದಾಗ ತರಗತಿ ನಂಬಲಿಲ್ಲ. "ಹಾಗಾದರೆ ಈ ಬಾವುಟಕ್ಕೆ ಅರ್ಥವೇ ಇಲ್ಲವೇ ಮೇಡಂ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಾನು ಉತ್ತರ ಹೇಳದೆ, ಅದರ ಪಕ್ಕದಲ್ಲಿ 1928ರಿಂದ 1994ರವರೆಗೆ ಇದ್ದ ಹಳೆಯ ಬಾವುಟವನ್ನಿಟ್ಟೆ. ಕಿತ್ತಳೆ, ಬಿಳಿ, ನೀಲಿ ಪಟ್ಟಿಗಳ ನಡುವೆ ಬ್ರಿಟನ್ನಿನ ಮತ್ತು ಎರಡು ಬೋಯರ್ (ಡಚ್ ಮೂಲದ ಬಿಳಿಯ ವಲಸಿಗರ) ಗಣರಾಜ್ಯಗಳ ಪುಟ್ಟ ಬಾವುಟಗಳು ಅದರಲ್ಲಿದ್ದವು. ಬಿಳಿಯರ ಎರಡು ಬಣಗಳ ಹೊಂದಾಣಿಕೆಯ ದಾಖಲೆಯಂತಿದ್ದ ಆ ಮೂರು ಚಿತ್ರಗಳ ಜಾಗದಲ್ಲಿ ಈಗ ಎರಡು ಕವಲುಗಳು ಕೂಡಿ ಒಂದಾಗುವ ಪಟ್ಟಿಯಿದೆ ಎಂಬುದು ಕಣ್ಣಿಗೆ ಬಿದ್ದ ಮೇಲೆ ಚರ್ಚೆ ತಾನಾಗಿಯೇ ಮುಂದುವರಿಯಿತು. ಇದು ಇಲ್ಲಿ ಯಾವುದರ ಬದಲಿಗೆ ಇದೆ, ಇಲ್ಲಿ ಇರಬಹುದಾಗಿದ್ದು ಇಲ್ಲದಿರುವುದು ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನ ಇಡೀ ಪಾಠಕ್ರಮದ ಬೆನ್ನೆಲುಬಾಯಿತು. ಅರ್ಥವನ್ನು ನಿಗದಿಪಡಿಸದೆ ಬಿಡುವುದೂ ಒಂದು ರಾಜಕೀಯ ನಿರ್ಧಾರವೇ ಎಂಬ ಮಾತು ಬಂದದ್ದು ನನ್ನಿಂದಲ್ಲ, ವಿದ್ಯಾರ್ಥಿಗಳಿಂದ.

ಸೊಸ್ಯೂರನಿಗೆ ಈಗ ಒಂದೇ ತರಗತಿ ಸಾಕಾಗುತ್ತದೆ, ಏಕೆಂದರೆ ಅವನ ಮುಖ್ಯ ವಿಚಾರಕ್ಕೆ ಬೇಕಾದ ಉದಾಹರಣೆ ಈ ವಿದ್ಯಾರ್ಥಿಗಳ ಬಾಯಲ್ಲಿಯೇ ಇದೆ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರದ ಪರವಾಗಿದ್ದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತದ್ದರಿಂದ ಬಂದ ಎಡ ಮತ್ತು ಬಲ ಎಂಬ ಪದಗಳಿಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ. ಆಸನಗಳು ಅದಲುಬದಲಾಗಿದ್ದರೆ ಪದಗಳೂ ಅದಲುಬದಲಾಗುತ್ತಿದ್ದವು.

ಹೆಚ್ಚು ಸಮಯವನ್ನು ನಾನು ಅಮೆರಿಕದ ತತ್ತ್ವಜ್ಞಾನಿ ಪರ್ಸ್‌ನ ಚಿಹ್ನೆಗಳ ಮೂರು ವಿಭಾಗಗಳಿಗೆ ಕೊಡುತ್ತೇನೆ. ಹೋಲಿಕೆಯಿಂದ ಸೂಚಿಸುವುದು ಪ್ರತಿಮೆ, ಕಾರಣದ ಅಥವಾ ಸ್ಪರ್ಶದ ನಂಟಿನಿಂದ ಸೂಚಿಸುವುದು ಕುರುಹು, ರೂಢಿಯಿಂದ ಸೂಚಿಸುವುದು ಸಂಕೇತ. ಎರಡನೆಯದಕ್ಕೆ ಕೆಲವರು ಸೂಚಿ ಎನ್ನುತ್ತಾರೆ. ನನಗೆ ಕುರುಹು ಎಂಬ ಪದವೇ ಹೆಚ್ಚು ಒಪ್ಪಿಗೆ, ಏಕೆಂದರೆ ಏನೋ ಇಲ್ಲಿ ನಿಜವಾಗಿ ನಡೆದುಹೋಗಿದೆ ಎಂಬ ಭಾವ ಆ ಪದದೊಳಗೇ ಇದೆ. ಇದನ್ನು ಕಲಿಸಲು ಎಲ್ಲ ಜನಾಂಗದವರೂ ಮೊದಲ ಬಾರಿಗೆ ಮತ ಹಾಕಿದ 1994ರ ದಕ್ಷಿಣ ಆಫ್ರಿಕಾದ ಚುನಾವಣೆಯ ಮತಪತ್ರಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ರಾಷ್ಟ್ರಮಟ್ಟದ ಮತಪತ್ರದಲ್ಲಿ 19 ಪಕ್ಷಗಳಿದ್ದವು. ಪ್ರತಿ ಸಾಲಿನಲ್ಲೂ ಪಕ್ಷದ ಹೆಸರು, ಲಾಂಛನ, ಹೆಸರಿನ ಸಂಕ್ಷಿಪ್ತ ರೂಪ, ನಾಯಕರ ಭಾವಚಿತ್ರ ಮತ್ತು ಗುರುತು ಹಾಕಲು ಒಂದು ಖಾಲಿ ಚೌಕವಿತ್ತು. ಹೆಸರು ಸಂಕೇತ, ಭಾವಚಿತ್ರ ಪ್ರತಿಮೆ ಎಂದು ವಿದ್ಯಾರ್ಥಿಗಳು ಬೇಗ ಹೇಳುತ್ತಾರೆ. ಓದು ಬಾರದ ಮತದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ವಿಷಯವನ್ನು ನಾಲ್ಕು ಬಗೆಯಲ್ಲಿ ಹೇಳಲಾಗಿದೆ ಎಂಬುದಕ್ಕೂ ತಡವಾಗುವುದಿಲ್ಲ. ಖಾಲಿ ಚೌಕದ ಬಳಿ ಮಾತ್ರ ಅವರು ತಡವರಿಸುತ್ತಾರೆ. ಉತ್ತರಪತ್ರಿಕೆಯಲ್ಲಿ ತಪ್ಪು ಎಂದು ಸಾರುವ ಇಂಟು ಗುರುತು ಇಲ್ಲಿ ಒಪ್ಪಿಗೆಯಾಗುತ್ತದೆ, ಹಾಗಾಗಿ ಅದು ಸಂಕೇತ. ಜೊತೆಗೆ ಒಂದು ಕೈ ಈ ಕಾಗದವನ್ನು ಮುಟ್ಟಿತ್ತು ಎಂಬುದರ ಕುರುಹೂ ಹೌದು. ಒಂದೇ ಗೆರೆ ಎರಡು ಬಗೆಯಲ್ಲಿ ಚಿಹ್ನೆಯಾಗಿರುವುದನ್ನು ಅವರು ಕಂಡುಕೊಳ್ಳುವ ಆ ಗಳಿಗೆ ನನಗೆ ಪ್ರತಿ ವರ್ಷವೂ ಅಷ್ಟೇ ಸಂತೋಷ ಕೊಡುತ್ತದೆ.

ಕೊನೆಯ ಸಾಲಿನ ವಿಷಯ ಬೇರೆ. ಜುಲು ಜನರ ಬೆಂಬಲದ ಇಂಕಾತಾ ಫ್ರೀಡಂ ಪಾರ್ಟಿ ಚುನಾವಣೆಗೆ ಇಳಿಯಲು ಒಪ್ಪಿದ್ದು ಮತದಾನಕ್ಕೆ ಒಂದು ವಾರವಷ್ಟೇ ಉಳಿದಿದ್ದಾಗ; ಅಷ್ಟು ಹೊತ್ತಿಗೆ ಮತಪತ್ರಗಳು ಅಚ್ಚಾಗಿದ್ದುದರಿಂದ ಅದರ ಸಾಲನ್ನು ಬೇರೆ ಚೀಟಿಯಾಗಿ ಮುದ್ರಿಸಿ ಕೆಳಗೆ ಅಂಟಿಸಲಾಯಿತು. ಚೀಟಿಯ ಮೇಲಿರುವುದೆಲ್ಲ ಉಳಿದ ಸಾಲುಗಳಂತೆಯೇ ಸಂಕೇತ ಮತ್ತು ಪ್ರತಿಮೆಗಳು, ಆದರೆ ಅಂಟಿಸಿದ ಚೀಟಿಯೇ ಆ ಕೊನೆಯ ಗಳಿಗೆಯ ಮಾತುಕತೆಯ ಕುರುಹು. ಪಕ್ಷಗಳ ನಡುವಿನ ಸಂಧಾನವನ್ನು ಪುಟಗಟ್ಟಲೆ ಓದಿ ಬಂದ ವಿದ್ಯಾರ್ಥಿಗಳು ಅದನ್ನು ಒಂದು ಕಾಗದದ ಅಂಚಿನಲ್ಲಿ ಕಾಣುವಂತಾದರೆ, ಈ ಶಾಸ್ತ್ರ ತಮ್ಮ ವಿಷಯಕ್ಕೆ ಹೊರಗಿನದು ಎಂಬ ಅವರ ಸಂಶಯ ಹೋಗುತ್ತದೆ.

ಕುರುಹನ್ನು ಸುಲಭವಾಗಿ ನಂಬುವವರಿಗಾಗಿ ಇನ್ನೊಂದು ವಸ್ತುವನ್ನು ಇಟ್ಟುಕೊಂಡಿದ್ದೇನೆ. 1945ರ ಮೇ 2ರಂದು ಬರ್ಲಿನ್ನಿನ ಸಂಸತ್ ಭವನವಾದ ರೈಖ್‌ಸ್ಟಾಗ್ ಕಟ್ಟಡದ ಮೇಲೆ ಸೋವಿಯತ್ ಬಾವುಟ ಏರಿಸುವ ದೃಶ್ಯವನ್ನು ಯೆವ್ಗೆನಿ ಖಾಲ್ದೇಯ್ ತೆಗೆದ ಛಾಯಾಚಿತ್ರ ಅದು. ಬಾವುಟ ಹಿಡಿದವನಿಗೆ ಕೆಳಗಿನಿಂದ ಆಸರೆಯಾಗಿರುವ ಸೈನಿಕನ ಎರಡೂ ಮಣಿಕಟ್ಟುಗಳಲ್ಲಿ ಗಡಿಯಾರವಿತ್ತು, ಪ್ರಕಟಣೆಗೆ ಮೊದಲು ಒಂದನ್ನು ಕೆರೆದು ತೆಗೆಯಲಾಯಿತು. ಎರಡು ಚಿತ್ರಗಳನ್ನೂ ಕೈಗೆ ಕೊಟ್ಟು, ಯಾವ ವ್ಯತ್ಯಾಸವಿದೆ ಎಂದು ಹುಡುಕಲು ಹತ್ತು ನಿಮಿಷ ಸುಮ್ಮನೆ ಬಿಡುತ್ತೇನೆ. ಎರಡು ಗಡಿಯಾರ ಎಂದರೆ ಲೂಟಿ ಎಂಬ ಓದು ಸಾಧ್ಯವಿದ್ದುದರಿಂದಲೇ ಒಂದನ್ನು ಅಳಿಸಬೇಕಾಯಿತು. ವಿಜಯದ ಮಹಾಸಂಕೇತಕ್ಕೆ ಬೆರಳಷ್ಟು ಜಾಗದ ಕುರುಹೊಂದು ತೊಡಕಾಗಿತ್ತು.

ಚಿಹ್ನೆಯ ನೇರ ಅರ್ಥದ ಮೇಲೆ ಇನ್ನೊಂದು ಅರ್ಥ ಕೂರುತ್ತದೆ ಎಂಬ ಫ್ರೆಂಚ್ ವಿಮರ್ಶಕ ಬಾರ್ಥ್‌ನ ವಿಚಾರವನ್ನು ಹೇಳುವಾಗ ನಮ್ಮ ಕಾವ್ಯಮೀಮಾಂಸೆಯ ಅಭಿಧಾ (ನೇರ ಅರ್ಥ), ವ್ಯಂಜನಾ (ಸೂಚ್ಯ ಅರ್ಥ) ಎಂಬ ಮಾತುಗಳು ನೆರವಿಗೆ ಬರುತ್ತವೆ, ಆದರೆ ಒಂದು ಹೆಜ್ಜೆಯಷ್ಟೇ. ಧ್ವನಿಯನ್ನು, ಅಂದರೆ ಆ ಸೂಚ್ಯ ಅರ್ಥವನ್ನು, ಗ್ರಹಿಸಲು ಸಹೃದಯ, ಅಂದರೆ ರಸಿಕ ಓದುಗ, ಬೇಕು. 1957ರಲ್ಲಿ ಬಾರ್ಥ್ ಮಿಥ್ ಎಂದು ಕರೆದದ್ದಕ್ಕೆ ಅಂಥ ಓದುಗ ಬೇಕಿಲ್ಲ, ಅದು ಇದೇ ಸಹಜ ಎಂಬಂತೆ ಗಮನಕ್ಕೆ ಬಾರದೆ ಕೆಲಸ ಮಾಡುತ್ತದೆ. ಈ ಭೇದವನ್ನು ಮರೆತರೆ ಪ್ರಚಾರಚಿತ್ರವನ್ನು ಕವಿತೆಯಂತೆ ಸವಿಯುವ ಅಪಾಯವಿದೆ.

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಲ್ಲಿ ನಾನು ಕಂಡ ದೊಡ್ಡ ತೊಡಕು ದಡ್ಡತನವಲ್ಲ, ಅವಸರ. ಇದರಿಂದ ಯಾರಿಗೆ ಲಾಭ ಎಂದು ಕೇಳುವ ತರಬೇತಿ ಅವರಿಗೆ ಚೆನ್ನಾಗಿ ಆಗಿರುತ್ತದೆ, ಹಾಗಾಗಿ ಮುಂದಿರುವುದನ್ನು ನೋಡುವ ಮೊದಲೇ ಪ್ರತಿ ಚಿಹ್ನೆಯ ಹಿಂದೆ ಒಬ್ಬ ಚಾಣಾಕ್ಷನನ್ನೂ ಒಂದು ಸಂಚನ್ನೂ ಕಾಣುತ್ತಾರೆ. ಇದಕ್ಕಾಗಿ ಪ್ರಬಂಧದ ಅರ್ಧದಷ್ಟು ಅಂಕಗಳನ್ನು ಬರಿಯ ವಿವರಣೆಗೆ ಮೀಸಲಿಟ್ಟಿದ್ದೇನೆ. ಎರಡು ಪುಟಗಳಲ್ಲಿ ವಸ್ತುವನ್ನು ನೋಡಿದಂತೆ ಬರೆಯಬೇಕು, ಉದ್ದೇಶವನ್ನು ಹೇಳುವ ಒಂದು ವಾಕ್ಯವೂ ಇರಬಾರದು, ಮತ್ತು ವಸ್ತುವನ್ನು ನೋಡದ ಸಹಪಾಠಿಯೊಬ್ಬರು ಆ ಬರಹದಿಂದಲೇ ಅದರ ರೇಖಾಚಿತ್ರ ಬಿಡಿಸಲು ಸಾಧ್ಯವಾಗಬೇಕು. ಉದ್ದೇಶದ ಮಾತು ಅದಾದ ಮೇಲೆ, ಅದೂ ಕಾನೂನು, ನಡಾವಳಿ, ಆದೇಶ ಇಂಥ ಯಾವುದಾದರೂ ದಾಖಲೆಯ ಆಧಾರವಿದ್ದರೆ ಮಾತ್ರ.

ಕಳೆದ ಬಾರಿ ಒಬ್ಬ ವಿದ್ಯಾರ್ಥಿ ಅಂಟಿಸಿದ ಆ ಚೀಟಿಯ ಬಗ್ಗೆಯೇ ಪೂರ್ತಿ ಪ್ರಬಂಧ ಬರೆದ. ಚೀಟಿಯೂ ಉಳಿದ ಸಾಲುಗಳ ಅಂಕಣಗಳನ್ನೇ ಅನುಸರಿಸಿರುವುದರಿಂದ ಅದು ತಡವಾಗಿ ಬಂದುದನ್ನು ತೋರುತ್ತಲೇ ಮರೆಸುತ್ತದೆ ಎಂಬುದು ಅವನ ವಾದ. ಓದಿ ಮುಗಿಸಿ, ಮತಗಟ್ಟೆಯಲ್ಲಿ ನಿಂತವರು ಅದನ್ನು ಗಮನಿಸಿದ್ದರೇ ಎಂದು ಕೇಳಿದೆ. ಅದಕ್ಕೆ ಉತ್ತರ ಕಾಗದದಲ್ಲಿಲ್ಲ, ಮತ ಹಾಕಿದವರನ್ನು ಕೇಳಬೇಕು ಎಂದ. ಕ್ಷೇತ್ರಕಾರ್ಯದ ವಿಧಾನಗಳನ್ನು ಕಲಿಸುವ ಸಹೋದ್ಯೋಗಿಯೊಬ್ಬರ ಬಳಿಗೆ ಅವನನ್ನು ಕರೆದುಕೊಂಡು ಹೋದೆ, ಈ ವರ್ಷದಿಂದ ಪಾಠಕ್ರಮದ ಕೊನೆಯ ಎರಡು ವಾರಗಳನ್ನು ನಾವಿಬ್ಬರೂ ಸೇರಿ ತೆಗೆದುಕೊಳ್ಳುತ್ತಿದ್ದೇವೆ.