ಕಂಟೇನರ್‌ನೊಳಗೆ 389 ಡೈರೆಕ್ಟರಿ ಸರ್ವರ್ ಸ್ಥಾಪಿಸುವ ಕ್ರಮ

ಕಂಟೇನರನ್ನು, ಅಂದರೆ ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಪ್ರತ್ಯೇಕವಾಗಿ ನಡೆಸುವ ಆವರಣವನ್ನು, ಯಾವಾಗ ಬೇಕಾದರೂ ಅಳಿಸಿ ಹೊಸದಾಗಿ ಎಬ್ಬಿಸಬಹುದು. ಆದರೆ ಬಳಕೆದಾರರ ಖಾತೆ, ಗುಂಪು, ಪಾಸ್‌ವರ್ಡ್‌ಗಳು ಅದರೊಂದಿಗೆ ಅಳಿದುಹೋಗುವಂತಿಲ್ಲ. ಇವನ್ನೆಲ್ಲ ಇಟ್ಟುಕೊಳ್ಳುವ 389 ಡೈರೆಕ್ಟರಿ ಸರ್ವರ್‌ನ ಇಮೇಜ್ (ಕಂಟೇನರ್ ಎಬ್ಬಿಸಲು ಬಳಸುವ ಸಿದ್ಧ ಅಚ್ಚು) ತನ್ನ ಡೇಟಾಬೇಸ್, ಸಂರಚನೆ, ಪ್ರಮಾಣಪತ್ರಗಳನ್ನು 'ಸ್ಲ್ಯಾಶ್ ಡೇಟಾ' ಎಂಬ ಫೋಲ್ಡರಿನಲ್ಲಿ ಇಡುವುದರಿಂದ, ಕಂಟೇನರ್‌ಗಳನ್ನು ನಡೆಸುವ ಡಾಕರ್‌ನಲ್ಲಿ ಮೊದಲು ಒಂದು ವಾಲ್ಯೂಮ್ (ಕಂಟೇನರ್ ಅಳಿದರೂ ಉಳಿಯುವ ಸಂಗ್ರಹ) ಸೃಷ್ಟಿಸಿ, ಕಂಟೇನರ್ ಆರಂಭಿಸುವಾಗ ಅದನ್ನು ಆ ಜಾಗಕ್ಕೆ ಜೋಡಿಸಬೇಕು.

ಒಳಗಿನ ಸರ್ವರ್ ವಿಶೇಷಾಧಿಕಾರವಿಲ್ಲದೆಯೂ ನಡೆಯಬೇಕಾದ್ದರಿಂದ ಎಲ್‌ಡ್ಯಾಪ್‌ನ (ಡೈರೆಕ್ಟರಿಯೊಂದಿಗೆ ಮಾತಾಡುವ ನಿಯಮಾವಳಿಯ) ರೂಢಿಯ 389 ಮತ್ತು 636ರ ಬದಲು 3389 ಮತ್ತು 3636ನೇ ಪೋರ್ಟ್‌ಗಳನ್ನು ಬಳಸುತ್ತದೆ. ಹೊರಗಿನ 389ನ್ನು ಒಳಗಿನ 3389ಕ್ಕೂ 636ನ್ನು 3636ಕ್ಕೂ ಹೊಂದಿಸಿ. ಹೊರಗೂ 3389ನ್ನೇ ತೆರೆಯುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವುದೂ ಅದೇ ಸಂಖ್ಯೆಯನ್ನು.

ಸರ್ವರ್‌ನ ಮುಖ್ಯ ಆಡಳಿತ ಖಾತೆಯಾದ ಡೈರೆಕ್ಟರಿ ಮ್ಯಾನೇಜರ್‌ನ ಪಾಸ್‌ವರ್ಡನ್ನು 'ಡಿಎಸ್ ಅಂಡರ್‌ಸ್ಕೋರ್ ಡಿಎಂ ಅಂಡರ್‌ಸ್ಕೋರ್ ಪಾಸ್‌ವರ್ಡ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಕಂಟೇನರ್ ಆರಂಭಿಸುವಾಗ ಒಳಗೆ ಕಳಿಸುವ ಹೆಸರುಳ್ಳ ಮೌಲ್ಯದಲ್ಲಿ) ಕೊಡಬೇಕು. ಕೊಡದಿದ್ದರೆ ಸರ್ವರ್ ತಾನೇ ಒಂದನ್ನು ರಚಿಸಿ ಮೊದಲ ಲಾಗ್‌ನಲ್ಲಿ ಬರೆಯುತ್ತದೆ. ಕೊಟ್ಟದ್ದು 'ಡಾಕರ್ ಇನ್‌ಸ್ಪೆಕ್ಟ್' ನಡೆಸುವ ಯಾರಿಗಾದರೂ ಕಾಣುತ್ತದೆ ಎಂಬುದು ನೆನಪಿರಲಿ.

ಹೆಚ್ಚಿನವರು ಎಡವುವುದು ಇದರ ನಂತರ. ಕಂಟೇನರ್ ಸುಸೂತ್ರವಾಗಿ ನಡೆಯುತ್ತಿದ್ದರೂ ಹುಡುಕಿದಾಗ 'ನೋ ಸಚ್ ಆಬ್ಜೆಕ್ಟ್' ಎಂಬ 32ನೇ ದೋಷ ಬರುತ್ತದೆ. ಸರ್ವರ್ ಕೆಟ್ಟಿಲ್ಲ, ಅದರಲ್ಲಿ ಇನ್ನೂ ಸಫಿಕ್ಸ್ (ಡೈರೆಕ್ಟರಿಯ ನಮೂದುಗಳ ಮರದ ಬುಡ) ಇಲ್ಲ, ಅಷ್ಟೇ. ಸಫಿಕ್ಸ್ ಹೆಸರಿಗೆಂದೇ ಇರುವ ವೇರಿಯಬಲ್ ಉಪಕರಣಗಳಿಗೆ ಆ ಹೆಸರನ್ನು ತಿಳಿಸುತ್ತದೆಯೇ ಹೊರತು ಡೇಟಾಬೇಸ್ ಸೃಷ್ಟಿಸುವುದಿಲ್ಲ. 'ಡಾಕರ್ ಎಕ್ಸೆಕ್' ಮೂಲಕ ಒಳಹೊಕ್ಕು, 'ಡಿಎಸ್‌ಕಾನ್ಫ್ ಲೋಕಲ್‌ಹೋಸ್ಟ್ ಬ್ಯಾಕೆಂಡ್ ಕ್ರಿಯೇಟ್' ಆದೇಶಕ್ಕೆ 'ಡಿಸಿ=ಎಕ್ಸಾಂಪಲ್,ಡಿಸಿ=ಕಾಮ್' ಮಾದರಿಯ ಸಫಿಕ್ಸನ್ನೂ ಬ್ಯಾಕೆಂಡ್‌ಗೆ (ಆ ಮರವನ್ನು ಇಡುವ ಡೇಟಾಬೇಸ್‌ಗೆ) ಒಂದು ಹೆಸರನ್ನೂ ಕೊಡಿ. 'ಕ್ರಿಯೇಟ್-ಸಫಿಕ್ಸ್' ಆಯ್ಕೆಯನ್ನು ಬಿಡಬೇಡಿ; ಬಿಟ್ಟರೆ ಬ್ಯಾಕೆಂಡ್ ಸಿದ್ಧವಾದರೂ ಮರದ ಬುಡದ ನಮೂದು ಹುಟ್ಟದೆ, ಅದೇ 32ನೇ ದೋಷ ಮರಳಿ ಎದುರಾಗುತ್ತದೆ. ಬಳಕೆದಾರರನ್ನು 'ಡಿಎಸ್‌ಐಡಿಎಂ' ಉಪಕರಣದಿಂದ ಸೇರಿಸಬಹುದು.

ಸರ್ವರ್ ತಾನೇ ಸಹಿ ಮಾಡಿಕೊಂಡ ಪ್ರಮಾಣಪತ್ರ ಪ್ರಯೋಗಕ್ಕೆ ಸಾಕು. ನಿಜವಾದ ಬಳಕೆಗೆ ಡೇಟಾ ಫೋಲ್ಡರಿನೊಳಗಿನ 'ಟಿಎಲ್‌ಎಸ್' ಫೋಲ್ಡರಿನಲ್ಲಿ ನಿಮ್ಮ ಕೀ ಮತ್ತು ಪ್ರಮಾಣಪತ್ರವನ್ನಿಟ್ಟು ಕಂಟೇನರನ್ನು ಮರುಆರಂಭಿಸಿ. ಬ್ಯಾಕಪ್‌ಗಾಗಿ, ನಡೆಯುತ್ತಿರುವ ವಾಲ್ಯೂಮನ್ನು ನಕಲಿಸದೆ ಡಿಎಸ್‌ಕಾನ್ಫ್‌ನ ಬ್ಯಾಕಪ್ ಆದೇಶವನ್ನೇ ಬಳಸಿ.

ಕೊನೆಗೆ, ಪರೀಕ್ಷೆಗೆಂದು ಒಬ್ಬ ಬಳಕೆದಾರನನ್ನು ಸೇರಿಸಿ, ಕಂಟೇನರನ್ನು ಪೂರ್ತಿ ಅಳಿಸಿ, ಅದೇ ವಾಲ್ಯೂಮ್‌ನೊಂದಿಗೆ ಹೊಸದನ್ನು ಆರಂಭಿಸಿ. ಆ ಹೆಸರು ಹುಡುಕಾಟದಲ್ಲಿ ಸಿಕ್ಕ ಮೇಲಷ್ಟೇ ಉಳಿದ ಖಾತೆಗಳನ್ನು ಅದರೊಳಗೆ ತರಬೇಕು.