ಗುಮಾಸ್ತ ಒಪ್ಪಿಕೊಂಡರೆ ಧಣಿ ಕೊಡಬೇಕೇ?

ಮಂಡ್ಯದಲ್ಲಿ ನಿಮ್ಮದೊಂದು ಬೆಲ್ಲದ ಮಂಡಿ ಇದೆ, ವಾಸ ಮೈಸೂರಿನಲ್ಲಿ ಎಂದುಕೊಳ್ಳಿ. ಗುಮಾಸ್ತ ನಿಮ್ಮ ಹೆಸರಿನಲ್ಲಿ ಆಲೆಮನೆಯಿಂದ ಹತ್ತು ಕ್ವಿಂಟಲ್ ಅಚ್ಚು ಬೆಲ್ಲ ಸಾಲಕ್ಕೆ ತಂದ. ದುಡ್ಡು ಯಾರು ಕೊಡಬೇಕು? 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ ಹಿಡಿದು ಲೆಕ್ಕ ಹಾಕೋಣ.

ಮೊದಲು, ನೀವು ಹೇಳಿದ್ದೇನು, ಬರೆದುಕೊಟ್ಟಿದ್ದೇನು ಎಂದು ನೋಡಿ. ಅದು ವ್ಯಕ್ತ ಅಧಿಕಾರ. ಬಾಯಿಮಾತಿನಲ್ಲಿ ಕೊಟ್ಟರೂ ನಡೆಯುತ್ತದೆ.

ಆಮೇಲೆ ನಡವಳಿಕೆ. ಆತ ವರ್ಷಗಳಿಂದ ಹೀಗೆಯೇ ಸರಕು ತರಿಸಿ ನಿಮ್ಮ ಹಣದಲ್ಲಿ ತೀರಿಸುತ್ತಿದ್ದು, ಅದು ನಿಮಗೂ ಗೊತ್ತಿದ್ದರೆ, ಅದು ಸೂಚ್ಯ ಅಧಿಕಾರ. 187ನೇ ಕಲಂ ಕೊಡುವ ಉದಾಹರಣೆಯಲ್ಲಿ ಮಾಲೀಕ ಕಲ್ಕತ್ತದಲ್ಲಿ, ಅಂಗಡಿ ಸೆರಾಂಪುರದಲ್ಲಿ. ಊರು ಬದಲಿಸಿದರೆ ನಮ್ಮ ಮಂಡಿಯದೇ ಕಥೆ. ಗೋದಾಮಿಗೆ ಮಳೆನೀರು ನುಗ್ಗಿದಾಗ ಬೆಲ್ಲ ಉಳಿಸಲು, ತನ್ನದೇ ಸರಕಾಗಿದ್ದರೆ ವಿವೇಕಿಯೊಬ್ಬ ಏನು ಮಾಡುತ್ತಿದ್ದನೋ ಅದನ್ನು ಮಾಡುವ ಅಧಿಕಾರವೂ ಆತನಿಗಿದೆ.

ಧಣಿಗಳು ಎಡವುವುದು ಮುಂದಿನದರಲ್ಲಿ. ‘ಐವತ್ತು ಸಾವಿರ ಮೀರಿ ಸಾಲ ಮಾಡಬೇಡ’ ಎಂದು ನೀವು ಗುಮಾಸ್ತನ ಕಿವಿಯಲ್ಲಿ ಹೇಳಿದ್ದಿರಿ. ಆಲೆಮನೆಯವರಿಗೆ ಅದು ತಿಳಿಯದು. ಈತನಿಗೆ ಅಧಿಕಾರವಿದೆ ಎಂದು ನಿಮ್ಮ ಮಾತು ಅಥವಾ ನಡತೆಯಿಂದಲೇ ಅವರು ನಂಬಿದ್ದರೆ, 237ನೇ ಕಲಂ ಪ್ರಕಾರ ಹೊಣೆ ನಿಮ್ಮದೇ. ಇದು ತೋರಿಕೆಯ ಅಧಿಕಾರ. ಮಾತು ಮೀರಿದ್ದರಿಂದಾದ ನಷ್ಟವನ್ನು ಆಮೇಲೆ ಗುಮಾಸ್ತನಿಂದ ಕೇಳಬಹುದು, ಅವನ ಬಳಿ ಏನಾದರೂ ಇದ್ದರೆ.

ಯಾವ ಅಧಿಕಾರವೂ ಇಲ್ಲದೆ ನಿಮ್ಮ ಪರವಾಗಿ ಮಾಡಿದ ವ್ಯವಹಾರವಾದರೆ? ಪೂರ್ತಿ ಸಂಗತಿ ತಿಳಿದ ಮೇಲೆ ಒಪ್ಪಬಹುದು, ತಳ್ಳಬಹುದು. ಒಪ್ಪಿದರೆ ಇಡಿಯಾಗಿಯೇ ಒಪ್ಪಬೇಕು; ಬೆಲ್ಲ ಇರಲಿ, ಬಾಕಿ ಬೇಡ ಎನ್ನುವಂತಿಲ್ಲ. ಸರಕನ್ನು ಸುಮ್ಮನೆ ಮಾರಿಕೊಂಡಿರಾದರೆ ಅದೂ ಒಪ್ಪಿಗೆಯೇ.

ಕಡೆಯದಾಗಿ, ಗುಮಾಸ್ತನನ್ನು ಬಿಡಿಸುವಾಗ. ಸೋಮವಾರ ಬಿಡಿಸಿದಿರಿ, ಬುಧವಾರ ಆತ ಹಳೆಯ ಆಲೆಮನೆಗೇ ಹೋಗಿ ಮತ್ತೆ ಸರಕು ಎತ್ತಿದ. ಬಿಡಿಸಿದ ಸುದ್ದಿ ಅವರಿಗೆ ಮುಟ್ಟಿರದಿದ್ದರೆ, 208ನೇ ಕಲಂ ಪ್ರಕಾರ ಅವರ ಮಟ್ಟಿಗೆ ಆತ ಇನ್ನೂ ನಿಮ್ಮ ಗುಮಾಸ್ತನೇ. ಆದ್ದರಿಂದ ವ್ಯವಹಾರವಿರುವ ಪ್ರತಿಯೊಬ್ಬರಿಗೂ ಅಂದೇ ಪತ್ರ ಕಳುಹಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಸಂಬಳ ಚುಕ್ತಾ ಮಾಡುವ ಮುನ್ನ ಬಿಲ್ ಪುಸ್ತಕ ಮತ್ತು ಮಂಡಿಯ ರಬ್ಬರ್ ಮೊಹರನ್ನು ಮೇಜಿನ ಮೇಲೆ ಇಡಿಸಿಕೊಳ್ಳಿ.